ಬ್ರಹ್ಮಕಮಲ ಹೂ ಬಿಡುತ್ತಿಲ್ಲವೇ? ದೊಡ್ಡ ಕುಂಡಕ್ಕೆ ಹಾಕಬೇಡಿ

ನಾವು ಮನೆಯಲ್ಲಿ ಬ್ರಹ್ಮಕಮಲ ಅಂತ ಬೆಳೆಸುವ ಎಪಿಫಿಲಮ್ ಕಳ್ಳಿಯ ಜಾತಿಯೇ ಆದರೂ ಮರುಭೂಮಿಯ ಗಿಡ ಅಲ್ಲ. ಕಾಡಿನ ಮರಗಳ ಮೇಲೆ ಬೆಳೆಯುವಂಥದ್ದು. ಸುಡುಬಿಸಿಲಿಗಿಟ್ಟರೆ ಎಲೆಯಂಥ ಕಾಂಡ ಹಳದಿಯಾಗುತ್ತದೆ. ತೀರಾ ಕತ್ತಲಲ್ಲಿಟ್ಟರೆ ಮೊಗ್ಗೇ ಬರುವುದಿಲ್ಲ. ಬೆಳಗಿನ ಎಳೆಬಿಸಿಲು ಸಾಕು.

ಬೇರು ಸ್ವಲ್ಪ ಇಕ್ಕಟ್ಟಾಗಿದ್ದರೇ ಹೂ ಜಾಸ್ತಿ, ಹಾಗಾಗಿ ಸುಮ್ನೆ ಕುಂಡ ಬದಲಿಸಬೇಡಿ. ಮಣ್ಣಿಗೆ ತೆಂಗಿನ ನಾರಿನ ಪುಡಿ, ಎಲೆಗೊಬ್ಬರ, ಇದ್ದಿಲ ಚೂರು ಬೆರೆಸಿ; ನೀರು ನಿಲ್ಲಬಾರದು. ಸಾರಜನಕ ಜಾಸ್ತಿಯಾದರೆ ಬರೀ ಕಾಂಡ ಬೆಳೆಯುತ್ತದೆ. ಮೊಗ್ಗು ಕಂಡ ಮೇಲೆ ಕುಂಡದ ಜಾಗ ಬದಲಿಸಬೇಡಿ, ಉದುರಿಬಿಡಬಹುದು.

ಬಿಳಿ ಹೂವಿನದ್ದು ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಮೊಗ್ಗು ಚೆನ್ನಾಗಿ ಉಬ್ಬಿದ ದಿನ ದಯವಿಟ್ಟು ಬೇಗ ಮಲಗಬೇಡಿ, ಆ ಪರಿಮಳ ತಪ್ಪಿಸಿಕೊಳ್ಳಬಾರದು!

ಹೊಸ ಗಿಡಕ್ಕೆ ಕಾಂಡದ ತುಂಡನ್ನು ಒಂದು ವಾರ ನೆರಳಲ್ಲಿ ಒಣಗಿಸಿ ನೆಡಿ.