ಕುಂಕುಮದ ಭರಣಿಯಲ್ಲಿ ನನ್ನ ದಿನದ ಉಪ್ಪು

ಹೃದಯದ ರಕ್ತನಾಳಕ್ಕೆ ಸ್ಟೆಂಟ್ (ಪುಟ್ಟ ಜಾಲರಿ ಕೊಳವೆ) ಹಾಕಿಸಿಕೊಂಡು ಮನೆಗೆ ಬಂದ ದಿನವೇ ಭಾವಮೈದುನ ಹೇಳಿದ್ದ: "ಭಾವ, ನೀವು ಸಾಗರದವರು. ಅಪ್ಪೆಮಿಡಿ ಉಪ್ಪಿನಕಾಯಿ ಬಿಟ್ಟು ಎಂಟು ದಿನ ಇರಲಾರಿರಿ." ಎರಡು ವರ್ಷವಾಯಿತು, ಇದ್ದೇನೆ. ಊಟವೂ ರುಚಿಯಾಗಿಯೇ ಸಾಗುತ್ತಿದೆ.

ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದೆಂಬ ಲೆಕ್ಕ ನಿಮಗೂ ಗೊತ್ತು. ಮೊದಲ ತಿಂಗಳು ನಾನು ಉಪ್ಪನ್ನೇ ಬಿಟ್ಟುಬಿಟ್ಟೆ. ಪಥ್ಯವೆಂದು ಹೇಳಿಕೊಳ್ಳುತ್ತಿದ್ದೆ, ಒಳಗಿದ್ದದ್ದು ಹೆದರಿಕೆ. ತುತ್ತು ಎತ್ತಿದರೆ ‘ಇದರಲ್ಲಿ ಎಷ್ಟಿದೆಯೋ’ ಎಂದು ಕೈ ತಡೆಯುತ್ತಿತ್ತು. ಸುಮಾರು ಆರು ಕಿಲೋ ಇಳಿದೆ, ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಆಮೇಲೆ ದುಬಾರಿ ಬೆಲೆಗೆ ಕಡಿಮೆ ಸೋಡಿಯಂ ಉಪ್ಪು ತಂದೆ. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ. ನನ್ನ ರಕ್ತದೊತ್ತಡದ ಮಾತ್ರೆಯೂ ಪೊಟ್ಯಾಶಿಯಂ ಏರಿಸುವಂಥದ್ದು. ವೈದ್ಯರು ಕೇಳಿದ ಕ್ಷಣವೇ ಆ ಉಪ್ಪನ್ನು ನಿಲ್ಲಿಸಿದರು. ಎರಡು ಪೊಟ್ಟಣ ದಂಡವಾಯಿತು.

ಕೊನೆಗೆ ಕೈಹಿಡಿದದ್ದು ಅಮ್ಮನ ಹಳೆಯ ಮರದ ಕುಂಕುಮದ ಭರಣಿ. ನಾನೂರು ರೂಪಾಯಿಯ ಪುಟ್ಟ ತಕ್ಕಡಿ ತಂದು, ಬೆಳಗ್ಗೆ 4 ಗ್ರಾಂ ತೂಗಿ ಅದಕ್ಕೆ ಹಾಕುತ್ತೇನೆ. ಉಳಿದ ಒಂದು ಗ್ರಾಂ ದೋಸೆ ಹಿಟ್ಟಿಗೆ, ಹೊರಗಿನ ಚೂರುಪಾರಿಗೆ. ಮಳೆಗಾಲದಲ್ಲಿ ನಮ್ಮಲ್ಲಿ ಉಪ್ಪು ನೀರೊಡೆಯುತ್ತದೆ, ಆಗ ಬಾಣಲೆಯಲ್ಲಿ ಹುರಿದು ತೂಗಬೇಕು. ಸಾರಿಗೆ, ಪಲ್ಯಕ್ಕೆ ಉಪ್ಪು ಬೀಳುವ ಮೊದಲೇ ನನ್ನ ಪಾಲು ಬೇರೆ ತೆಗೆದಿಡುತ್ತಾಳೆ ಹೆಂಡತಿ. ಬಡಿಸಿಕೊಂಡ ಮೇಲೆ ಭರಣಿಯಿಂದ ಚಿಟಿಕೆ ತೆಗೆದು ಮೇಲೆ ಉದುರಿಸುತ್ತೇನೆ. ಬೇಯುವಾಗ ಹಾಕಿದ್ದಕ್ಕಿಂತ ಹೀಗೆ ಮೇಲೆ ಉದುರಿಸಿದ್ದು ನಾಲಿಗೆಗೆ ಬೇಗ ಹತ್ತುತ್ತದೆ, ಅರ್ಧ ಸಾಕು.

ಹುಳಿ ಮುಂದೆ ಮಾಡಿದರೆ ನಾಲಿಗೆ ಉಪ್ಪು ಕೇಳುವುದಿಲ್ಲ. ಒಂದೆಲಗದ ತಂಬುಳಿ, ಮುರುಗಲು (ಪುನರ್ಪುಳಿ) ಸಾರು ನನ್ನ ಆಧಾರ. ಮುರುಗಲು ಸಿಪ್ಪೆ ಉಪ್ಪು ಬೆರೆಸದೆ ಒಣಗಿಸಿದ್ದೇ ಆಗಬೇಕು, ಕೇಳಿ ತನ್ನಿ. ಸಾರಿನ ಪುಡಿಗೆ ನಾನೊಂದು ಸಾಮಾನು ಸೇರಿಸುತ್ತೇನೆ, ಅದನ್ನು ಮಾತ್ರ ಹೇಳುವುದಿಲ್ಲ.

ಚಿಂತೆಯ ವಿಷಯಕ್ಕೆ ಬಂದರೆ, ಎರಡು ಸಾವಿರ ಕೊಟ್ಟು ತಂದ ರಕ್ತದೊತ್ತಡದ ಯಂತ್ರವೇ ನನ್ನನ್ನು ಹಿಂಡಿತು. ದಿನಕ್ಕೆ ಹತ್ತು ಸಲ ಪಟ್ಟಿ ಸುತ್ತುತ್ತಿದ್ದೆ. ಮೇಲಿನ ಅಂಕಿ 148 ಬಂದರೆ ಗಾಬರಿ, ಮತ್ತೆ ಸುತ್ತಿದರೆ 156. ರಾತ್ರಿ ಎಡಮಗ್ಗುಲಾದರೆ ದಿಂಬಿನೊಳಗಿಂದ ಎದೆಬಡಿತ ಕೇಳುತ್ತಿತ್ತು. ಎಣಿಸುತ್ತಾ ಬೆಳಗು ಮಾಡಿದ್ದೇನೆ. ಈಗ ಬಲಮಗ್ಗುಲು. ಯಂತ್ರ ಬೀರುವಿನಲ್ಲಿ, ಬೆಳಗ್ಗೆ, ಸಂಜೆ ಐದು ನಿಮಿಷ ಸುಮ್ಮನೆ ಕುಳಿತು ಒಂದೊಂದೇ ಸಲ ನೋಡಿ ಬರೆದಿಡುತ್ತೇನೆ, ಅಷ್ಟೇ. ಆದರೆ ನಿಜವಾಗಿ ಧೈರ್ಯ ಕೊಟ್ಟದ್ದು ಭರಣಿ. ರಾತ್ರಿ ಊಟಕ್ಕೆ ಕೂತಾಗ ತಳದಲ್ಲಿ ಬಿಳಿ ಕಾಣುತ್ತಿದ್ದರೆ ದಿನದ ಲೆಕ್ಕ ಸರಿ, ತುತ್ತು ಎತ್ತಲು ಭಯವಿಲ್ಲ. ನಾಲ್ಕೈದು ತಿಂಗಳಲ್ಲಿ ರಕ್ತದೊತ್ತಡ 126ರ ಆಸುಪಾಸಿಗೆ ಬಂತು, ಮೂರು ಕಿಲೋ ಮರಳಿ ಏರಿದೆ. ಮಾತ್ರೆ ತಪ್ಪಿಸಿಲ್ಲ.

ಉಪ್ಪಿಲ್ಲದ ನಿಂಬೆ ಉಪ್ಪಿನಕಾಯಿಗೆ ಕೈಹಾಕಿದ್ದೆ. ನಾಲ್ಕನೆಯ ದಿನ ಬೂಸ್ಟು ಹಿಡಿಯಿತು. ಈಗ ಹೋಳುಗಳನ್ನು ಬಿಸಿಲಿಗೆ ಒಣಗಿಸಿ, ವಿನಿಗರ್‌ನಲ್ಲಿ ನೆನೆಹಾಕಿ ನೋಡುತ್ತಿದ್ದೇನೆ. ಜಾಡಿ ತುಂಬಿ ಒಂಬತ್ತು ದಿನ, ಇನ್ನೂ ಕೆಟ್ಟಿಲ್ಲ.