ಸ್ಕೂಲ್ ಡೇ ಗಡಿಬಿಡೀಲಿ ಮಕ್ಕಳ ವಿವರ, ನಿಮ್ಮ ಫೋನು, ಆಧಾರ್ ಕಳ್ಳರ ಕೈಗೆ ಹೋಗದ ಹಾಗೆ ನೋಡ್ಕೊಳ್ಳೋದು ಹೇಗೆ

ನಮ್ ಕಡೆ ಅಡಿಕೆ ಕೊಯ್ಲು, ಸ್ಕೂಲ್ ಡೇ ಎರಡೂ ಒಟ್ಟಿಗೇ ಬರೋದು. ಡಿಸೆಂಬರ್ ಬಂತು ಅಂದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿ ಯಾವ ಕಡೆ ಹೋದ್ರೂ ಒಂದಲ್ಲ ಒಂದು ಶಾಲೆ ಮುಂದೆ ಶಾಮಿಯಾನ ಎದ್ದಿರತ್ತೆ, ಮೈಕ್ ಟೆಸ್ಟಿಂಗ್ ನಡೀತಿರತ್ತೆ. ಮನೇಲಿ ಸುಲಿಯೋ ಅಡಿಕೆ ರಾಶಿ ಬಿದ್ದಿದ್ರೂ ಮಗಳ ಡ್ಯಾನ್ಸ್ ನೋಡೋಕೆ ಎಲ್ರೂ ಹೊರಡ್ತೀವಿ. ಹೋದ ವರ್ಷ ನಾವೂ ಹಾಗೇ ಹೋಗಿದ್ವಿ, ಮಾವ ಒಬ್ರು ಅಡಿಕೆ ಕಾಯೋಕೆ ಅಂತ ಮನೇಲೇ ಉಳ್ಕೊಂಡಿದ್ರು.

ರಾತ್ರಿ ಎಂಟೂವರೆ ಹೊತ್ತಿಗೆ ಮಾವನಿಗೆ ಒಂದು ಫೋನ್. ಮಗಳ ಹೆಸರು ಹೇಳಿ, ನಾಲ್ಕನೇ ಕ್ಲಾಸ್ ಅಲ್ವಾ ಅಂತ ಕೇಳಿ, ಕೋಲಾಟದಲ್ಲಿ ಇದ್ಲು, ಸ್ಟೇಜ್ ಇಂದ ಬಿದ್ದು ತಲೆಗೆ ಪೆಟ್ಟಾಗಿದೆ, ಆಸ್ಪತ್ರೆಗೆ ತಂದಿದೀವಿ, ಅಪ್ಪ ಅಮ್ಮ ಫೋನ್ ತೆಗೀತಿಲ್ಲ, ತಕ್ಷಣ 18,000 ಕಳಿಸಿ ಅಂದಿದಾರೆ. ನಮ್ ಫೋನ್ ಸೈಲೆಂಟಲ್ಲಿತ್ತು, ಸಾಲದ್ದಕ್ಕೆ ಆ ಜಾಗದಲ್ಲಿ ನೆಟ್‌ವರ್ಕೂ ಸರಿ ಸಿಗಲ್ಲ. ಮಾವನಿಗೆ ಫೋನ್‌ಪೇ ಎಲ್ಲ ಬರಲ್ಲ, ಅದೇ ಉಳಿಸಿದ್ದು. ಪಕ್ಕದ ಮನೆ ಅಂದ್ರೆ ನಮ್ಮಲ್ಲಿ ಅರ್ಧ ಕಿಲೋಮೀಟರು, ಆ ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಓಡಿದಾರೆ, ಆ ಮನೆ ಹುಡುಗ ಸ್ಕೂಲ್ ವ್ಯಾನ್ ಡ್ರೈವರ್‌ಗೆ ಫೋನ್ ಹಚ್ಚಿದ, ಡ್ರೈವರ್ ನೋಡಿದ್ರೆ ನಮ್ ಹುಡುಗಿ ಸ್ಟೇಜ್ ಮೇಲೆ ಕುಣೀತಿದ್ಲು. ದುಡ್ಡು ಹೋಗ್ಲಿಲ್ಲ. ಆದ್ರೆ ಮಾವ ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ.

ಫೋನ್ ಮಾಡಿದವರಿಗೆ ಇದೆಲ್ಲ ಹೇಗೆ ಗೊತ್ತಾಯ್ತು ಅಂತ ಕೂತು ಯೋಚನೆ ಮಾಡಿದ್ರೆ, ಹ್ಯಾಕಿಂಗ್ ಗೀಕಿಂಗ್ ಏನೂ ಬೇಕಾಗಿರ್ಲಿಲ್ಲ. ಕಾರ್ಯಕ್ರಮದ ಪಟ್ಟಿ ಅಂತ ಒಂದು ಪಿಡಿಎಫ್ ವಾಟ್ಸಾಪ್ ಗ್ರೂಪಿಗೆ ಬಂದಿತ್ತು, ಅದ್ರಲ್ಲಿ ಪ್ರತಿ ಮಗುವಿನ ಹೆಸರು, ಕ್ಲಾಸು, ಯಾವ ಡ್ಯಾನ್ಸು, ತಂದೆ ಹೆಸರು, ಊರು, ತುರ್ತಿಗೆ ಅಂತ ಮನೆ ನಂಬರ್ರು ಸಾಲಾಗಿ ಇತ್ತು. ಅದನ್ನ ಅಜ್ಜಿಗೊಂದು, ಚಿಕ್ಕಮ್ಮನಿಗೊಂದು, ಊರ ಗ್ರೂಪಿಗೊಂದು ಅಂತ ಫಾರ್ವರ್ಡ್ ಮಾಡಿದ್ದು ನಾವೇ. ಇಲ್ಲಿ ಎಲ್ರೂ ಗೊತ್ತಿರೋರೇ, ಏನಾಗತ್ತೆ ಅಂತ ಅನ್ಸೋದು ಸಹಜ. ಊರಲ್ಲಿ ಎಲ್ರೂ ಗೊತ್ತಿರೋರೇ ಹೌದು, ಆದ್ರೆ ಆ ಪಿಡಿಎಫ್ ಊರಲ್ಲೇ ಉಳಿಯಲ್ಲ.

ಹಾಗಾಗಿ ಈ ವರ್ಷ ನಾವೊಂದಿಷ್ಟು ಪೋಷಕರು ಸೇರಿ ಮಾಡಿದ್ದನ್ನೇ ಇಲ್ಲಿ ಬರೀತಿದೀನಿ, ನಿಮ್ ಶಾಲೇಲೂ ಮಾಡಬಹುದು, ಖರ್ಚೇನೂ ಇಲ್ಲ.

ಮೊದಲನೇದು ಪಟ್ಟಿ. ಗ್ರೂಪಿಗೆ ಹಾಕೋ ಪಟ್ಟೀಲಿ ಕಾರ್ಯಕ್ರಮದ ಹೆಸರು, ಕ್ಲಾಸು, ಮಕ್ಕಳು ಎಷ್ಟು ಗಂಟೆಗೆ ಬರ್ಬೇಕು ಇಷ್ಟು ಸಾಕು. ಹೆಸರು, ಫೋನ್ ನಂಬರ್ ಇರೋ ಪೂರ್ತಿ ಪಟ್ಟಿ ಕ್ಲಾಸ್ ಟೀಚರ್ ಹತ್ರ ಪೇಪರಲ್ಲಿ ಇರ್ಲಿ. ಗೂಗಲ್ ಫಾರ್ಮಲ್ಲಿ ವಿವರ ತಗೊಳ್ಳೋದಾದ್ರೆ ಅದ್ರ ಶೀಟಿನ ಶೇರ್ ಸೆಟ್ಟಿಂಗ್ ತೆಗೆದು ನೋಡಿ, ಲಿಂಕ್ ಇರೋ ಯಾರು ಬೇಕಾದ್ರೂ ನೋಡಬಹುದು ಅಂತ ಇದ್ರೆ ಅದನ್ನ ರಿಸ್ಟ್ರಿಕ್ಟೆಡ್ ಮಾಡಿ. ಗ್ರೂಪಿಗೆ ಯಾರಾದ್ರೂ ಹೊಸಬ್ರು ಸೇರ್ಬೇಕಾದ್ರೆ ಅಡ್ಮಿನ್ ಒಪ್ಪಿಗೆ ಬೇಕು ಅನ್ನೋ ಸೆಟ್ಟಿಂಗ್ ಆನ್ ಇರ್ಲಿ, ಇನ್ವೈಟ್ ಲಿಂಕ್ ಎಲ್ಲೆಲ್ಲೋ ಓಡಾಡಿದ್ರೆ ರೀಸೆಟ್ ಮಾಡ್ಬಿಡಿ, ಹಳೇ ಲಿಂಕ್ ಸತ್ತುಹೋಗತ್ತೆ.

ಆಧಾರ್ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು. ಡ್ಯಾನ್ಸ್‌ಗೆ ಹೆಸರು ಕೊಡೋಕೆ ಆಧಾರ್ ಯಾಕೆ ಬೇಕು ಅಂತ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ. ಶಾಲೇಲಿ ಮಗುವಿನ ಸ್ಯಾಟ್ಸ್ ನಂಬರ್, ಅಂದ್ರೆ ಶಿಕ್ಷಣ ಇಲಾಖೆ ಪ್ರತಿ ಮಗುವಿಗೂ ಕೊಡೋ ನಂಬರ್, ಮೊದ್ಲೇ ಇರತ್ತೆ. ಪ್ರತಿಭಾ ಕಾರಂಜಿ ತರದ ಸ್ಪರ್ಧೆಗೆ ಕ್ಲಸ್ಟರ್, ತಾಲ್ಲೂಕು ಅಂತ ಮುಂದೆ ಹೋಗುವಾಗ ಏನಾದ್ರೂ ದಾಖಲೆ ಕೇಳಿದ್ರೆ ಅದನ್ನ ಶಾಲೆಯ ಮೂಲಕವೇ ಕೊಡಿ, ಗ್ರೂಪಲ್ಲಿ ಫೋಟೋ ಹೊಡೆದು ಹಾಕ್ಬೇಡಿ. ಕೊಡ್ಲೇಬೇಕು ಅಂದ್ರೆ ಮಾಸ್ಕ್ಡ್ ಆಧಾರ್ ಅಂತ ಇದೆ, ಆಧಾರ್ ಕೊಡೋ ಸಂಸ್ಥೆ ಯುಐಡಿಎಐ ಸೈಟಲ್ಲೇ ಡೌನ್‌ಲೋಡ್ ಮಾಡ್ಕೋಬಹುದು, 12 ಅಂಕಿಯಲ್ಲಿ ಮೊದಲ 8 ಕಾಣಲ್ಲ, ಕೊನೇ 4 ಮಾತ್ರ ಕಾಣತ್ತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯೋದೇ ಇಲ್ಲ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ, ಯಾರೂ ತೆಗೆಯೋಕಾಗಲ್ಲ ಅಂತ ಧೈರ್ಯವಾಗಿ ಕಳಿಸ್ತಾರೆ. ಆ ಪಾಸ್‌ವರ್ಡ್ ಏನು ಗೊತ್ತಲ್ಲ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಅದಾದ್ಮೇಲೆ ಹುಟ್ಟಿದ ವರ್ಷ. ಅದೇ ಗ್ರೂಪಲ್ಲಿ ಮಗುವಿನ ಹೆಸರೂ ಇದೆ, ಹುಟ್ಟುಹಬ್ಬದ ಫೋಟೋನೂ ಇದೆ, ಇನ್ನು ಬೀಗ ಹಾಕಿ ಏನು ಉಪಯೋಗ, ಕೀಲಿಕೈ ಬಾಗಿಲಲ್ಲೇ ನೇತಾಡ್ತಿದೆ.

ವೇಷದ ಬಾಡಿಗೆ ಅಂಗಡೀಲೂ ಇದೇ ಕಥೆ. ಶಿವಮೊಗ್ಗಕ್ಕೆ ಹೋಗಿ ಡ್ರೆಸ್ಸು, ಯಕ್ಷಗಾನದ ಕಿರೀಟ, ಗೆಜ್ಜೆ ಬಾಡಿಗೆಗೆ ತರ್ತೀವಿ, ಅಡ್ವಾನ್ಸ್ ಜೊತೆ ಆಧಾರ್ ಜೆರಾಕ್ಸ್ ಕೊಡಿ ಅಂತಾರೆ. ಪಾಪ ಅವರಿಗೂ ಸಾಮಾನು ವಾಪಸ್ ಬರ್ಬೇಕಲ್ಲ, ಅದು ನ್ಯಾಯವೇ. ಮಾಸ್ಕ್ಡ್ ಪ್ರತಿ ಕೊಡಿ, ಅದ್ರ ಮೇಲೆ ಪೆನ್ನಲ್ಲಿ ಅಡ್ಡಲಾಗಿ 'ಡ್ರೆಸ್ ಬಾಡಿಗೆಗೆ ಮಾತ್ರ' ಅಂತ ಬರೆದು ತಾರೀಖು ಹಾಕಿ, ಬರಹ ಫೋಟೋದ ಮೇಲೂ ಹಾದುಹೋಗ್ಲಿ. ಡ್ರೆಸ್ ವಾಪಸ್ ಕೊಡುವಾಗ ಅಡ್ವಾನ್ಸ್ ಇಸ್ಕೊಳ್ಳೋದು ಯಾರೂ ಮರೆಯಲ್ಲ, ಜೆರಾಕ್ಸ್ ಇಸ್ಕೊಳ್ಳೋದನ್ನ ಎಲ್ರೂ ಮರೀತಾರೆ. ಅದನ್ನೂ ಕೇಳಿ ತಗೊಳ್ಳಿ. ಹಾಗೇ ಬೆರಳಚ್ಚಿಂದ ದುಡ್ಡು ತೆಗೆಯೋ ಮೋಸಕ್ಕೆ ಆಧಾರಿನ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಅಂದ್ರೆ ನಿಮ್ ಬೆರಳಚ್ಚು ಬೇರೆಯವ್ರು ಬಳಸದ ಹಾಗೆ ಬೀಗ, ಯುಐಡಿಎಐ ಸೈಟಲ್ಲೇ ಆಗತ್ತೆ, ನಿಮಗೆ ಬೇಕಾದಾಗ ತೆಗೀಬಹುದು. ಮನೇಲಿರೋ ಹಿರಿಯರದ್ದೂ ಮಾಡಿಕೊಡಿ.

ಪೆನ್‌ಡ್ರೈವ್ ಬಗ್ಗೆ ಯಾರೂ ಯೋಚನೆ ಮಾಡಲ್ಲ, ನಾನೂ ಮಾಡಿರ್ಲಿಲ್ಲ. ಡ್ಯಾನ್ಸಿನ ಹಾಡು ಮೈಕ್ ಸೆಟ್‌ನವರಿಗೆ ಕೊಡ್ಬೇಕು, ಮನೇಲಿರೋ ಒಂದೇ ಪೆನ್‌ಡ್ರೈವಿಗೆ ಹಾಡು ಹಾಕ್ತೀವಿ, ಅದೇ ಪೆನ್‌ಡ್ರೈವಲ್ಲಿ ಹಿಂದೆ ಯಾವಾಗ್ಲೋ ಸೈಬರ್ ಸೆಂಟರಲ್ಲಿ ಸ್ಕ್ಯಾನ್ ಮಾಡಿಸಿದ ಪಹಣಿ, ಪಾಸ್‌ಬುಕ್ಕು, ಪ್ಯಾನ್ ಕಾರ್ಡು, ಎಲ್ಲ ಕೂತಿರತ್ತೆ. ಅದು ಇಡೀ ರಾತ್ರಿ ಯಾರದ್ದೋ ಲ್ಯಾಪ್‌ಟಾಪಲ್ಲಿ ಚುಚ್ಕೊಂಡಿರತ್ತೆ, ಮಾರನೇ ದಿನ ಎಲ್ಲಿದೆ ಅಂತಾನೂ ಗೊತ್ತಿರಲ್ಲ. ಹಾಡಿಗೆ ಅಂತಾನೇ ಒಂದು ಖಾಲಿ ಪೆನ್‌ಡ್ರೈವ್ ಇಡಿ, ಇಲ್ಲಾ ಟೀಚರ್ ಒಬ್ರೇ ಎಲ್ಲ ಹಾಡನ್ನೂ ಸೇರಿಸಿ ಒಂದ್ರಲ್ಲಿ ಕೊಡ್ಲಿ. ಇನ್ನು ಕೆಲವ್ರು ಹಾಡು ನನ್ ಫೋನಲ್ಲೇ ಇದೆ ಅಂತ ಲಾಕ್ ತೆಗೆದು ಫೋನನ್ನೇ ಮಿಕ್ಸರ್ ಪಕ್ಕ ಇಟ್ಟು ಬರ್ತಾರೆ. ದಯವಿಟ್ಟು ಇದನ್ನ ಮಾತ್ರ ಮಾಡ್ಬೇಡಿ. ಆ ಫೋನಲ್ಲಿ ಬ್ಯಾಂಕೂ ಇದೆ, ಓಟಿಪಿ ಬರೋ ಸಿಮ್ಮೂ ಇದೆ.

ಕಾರ್ಯಕ್ರಮದ ಸಂಜೆ ಫೋನಿಗೆ ಮಾಡ್ಬೇಕಾದ್ದು ಮೂರ್ನಾಕು ಕೆಲಸ, ಮನೆಯಿಂದ ಹೊರಡೋ ಮೊದ್ಲೇ ಮಾಡ್ಕೊಳ್ಳಿ. ಲಾಕ್ ಸ್ಕ್ರೀನ್ ಮೇಲೆ ಮೆಸೇಜಿನ ಒಳಗಿನ ಮಾತು ಕಾಣದ ಹಾಗೆ ನೋಟಿಫಿಕೇಶನ್ ಸೆಟ್ಟಿಂಗ್ ಬದಲಾಯ್ಸಿ, ಇಲ್ದಿದ್ರೆ ಫೋನ್ ಲಾಕ್ ಇದ್ರೂ ಓಟಿಪಿ ಕಾಣತ್ತೆ. ವಾಟ್ಸಾಪ್‌ಗೆ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 6 ಅಂಕಿಯ ಪಿನ್ ಕೇಳತ್ತೆ. ಪಿನ್ನು ಮಗಳು ಹುಟ್ಟಿದ ದಿನ ಆಗಿದ್ರೆ ಇವತ್ತೇ ಬದಲಾಯ್ಸಿ, ಆ ದಿನಾಂಕ ಊರಿಗೆಲ್ಲ ಗೊತ್ತು. ಹಿಂದಿನ ಸಾಲಲ್ಲಿ ಸೀಟ್ ಸಿಕ್ಕಿದೆ ಅಂತ ಮುಂದಿರೋ ಗುರ್ತಿಲ್ಲದ ಹುಡುಗನ ಕೈಗೆ ವಿಡಿಯೋ ಮಾಡೋಕೆ ಫೋನ್ ಕೊಡೋದಾದ್ರೆ ಲಾಕ್ ತೆಗೀದೇ ಕ್ಯಾಮೆರಾ ಓಪನ್ ಮಾಡಿ ಕೊಡಿ, ಬಹಳಷ್ಟು ಫೋನಲ್ಲಿ ಪವರ್ ಬಟನ್ ಎರಡು ಸಲ ಒತ್ತಿದ್ರೆ ಕ್ಯಾಮೆರಾ ಬರತ್ತೆ, ಅದ್ರಿಂದಾಚೆ ಅವ್ನು ಹೋಗೋಕಾಗಲ್ಲ.

ಗ್ರೀನ್ ರೂಮ್ ಅಂದ್ರೆ ನಮ್ ಶಾಲೇಲಿ ಎಂಟನೇ ಕ್ಲಾಸಿನ ರೂಮು, ಬೆಂಚಿನ ಮೇಲೆಲ್ಲ ಅಮ್ಮಂದಿರ ಬ್ಯಾಗು. ಒಂದು ಬಾಗಿಲು ಮಾತ್ರ ತೆರೆದಿಟ್ಟು ಅಲ್ಲೊಬ್ರು ಕೂತ್ಕೊಳ್ಳೋ ಹಾಗೆ ಪಾಳಿ ಮಾಡ್ಕೊಂಡ್ವಿ, ಅರ್ಧರ್ಧ ಗಂಟೆ. ಯಾರ ಮಗು ಸ್ಟೇಜಿಗೆ ಹೋಗತ್ತೋ ಅವ್ರಿಗೆ ಆಗ ಪಾಳಿ ಇಲ್ಲ. ಎಟಿಎಂ ಕಾರ್ಡು, ಅದ್ರ ಕವರ್ ಮೇಲೆ ಬರೆದಿಟ್ಟ ಪಿನ್ನು, ಒರಿಜಿನಲ್ ಆಧಾರ್ ಯಾವುದೂ ಅವತ್ತು ಬ್ಯಾಗಲ್ಲಿ ಬೇಕಾಗಿಲ್ಲ, ಮನೇಲಿಡಿ.

ಸ್ಟಾಲಲ್ಲಿ ಚುರುಮುರಿ, ಕಾಫಿಗೆ ದುಡ್ಡು ಹಾಕುವಾಗ ಸ್ಕ್ಯಾನ್ ಮಾಡಿದ್ಮೇಲೆ ಬರೋ ಹೆಸರು ಓದಿ ಆಮೇಲೆ ಪಿನ್ ಒತ್ತಿ. ಯುಪಿಐ ಪಿನ್ ಒತ್ತೋದು ದುಡ್ಡು ಕೊಡೋಕೆ ಮಾತ್ರ, ಬರೋ ದುಡ್ಡಿಗೆ ಪಿನ್ ಬೇಡ. ಮಗುವಿಗೆ ಬಹುಮಾನದ ಹಣ ಬಂದಿದೆ ಪಿನ್ ಒತ್ತಿ ಅಂದ್ರೆ ಅದು ಮೋಸವೇ.

ಸ್ಟೇಜಲ್ಲಿ ನಿರೂಪಣೆ ಮಾಡೋರಿಗೂ ಒಂದು ಮಾತು ಹೇಳಿಡಿ. ಇಂಥಾ ಊರಿನ ಕೆಳಗಿನಮನೆಯ ಇಂಥವರ ಮಗಳು ಅಂತ ಪ್ರೀತಿಯಿಂದಲೇ ಹೇಳ್ತಾರೆ, ಸಭೇಲಿ ಕೂತೋರಿಗೆ ಖುಷಿನೂ ಆಗತ್ತೆ, ಆದ್ರೆ ಅದೇ ಹೊತ್ತಿಗೆ ಯೂಟ್ಯೂಬಲ್ಲಿ ಲೈವ್ ಹೋಗ್ತಿದ್ರೆ ಮುಖ, ಹೆಸರು, ಮನೆ ಮೂರೂ ಒಂದೇ ಕಡೆ ಸಿಕ್ತು. ಬರೀ ಹೆಸರು, ಕ್ಲಾಸು ಸಾಕು. ಲೈವ್ ಬೇಕು ಅಂದ್ರೆ, ಬೆಂಗಳೂರಲ್ಲಿರೋ ಅತ್ತೆ ದೊಡ್ಡಪ್ಪ ಎಲ್ಲ ನೋಡ್ಬೇಕಲ್ಲ, ಅನ್‌ಲಿಸ್ಟೆಡ್ ಅಂತ ಹಾಕಿ, ಹುಡುಕಿದ್ರೆ ಸಿಗಲ್ಲ, ಲಿಂಕ್ ಇದ್ದೋರಿಗೆ ಮಾತ್ರ ಕಾಣತ್ತೆ. ಅದು ಪೂರ್ತಿ ಭದ್ರ ಅಲ್ಲ, ಲಿಂಕ್ ಫಾರ್ವರ್ಡ್ ಆಗೋದೇ. ಹದಿನೈದು ದಿನ ಬಿಟ್ಟು ಪ್ರೈವೇಟ್ ಮಾಡಿದ್ರೆ ಒಳ್ಳೇದು. ಫೋಟೋ, ವಿಡಿಯೋ ಹಾಕೋ ಮೊದ್ಲು ಶಾಲೆಯವ್ರು ಪೋಷಕರ ಒಪ್ಪಿಗೆ ಬರವಣಿಗೇಲಿ ತಗೊಳ್ಳೋದು ರೂಢಿ ಆಗ್ಬೇಕು. 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ 18 ವರ್ಷದೊಳಗಿನವ್ರನ್ನ ಮಕ್ಕಳು ಅಂತಾನೇ ಲೆಕ್ಕ ಹಾಕತ್ತೆ, ಅವ್ರ ವಿವರಕ್ಕೆ ಪೋಷಕರ ಒಪ್ಪಿಗೆ ಬೇಕು ಅನ್ನತ್ತೆ. ಬೇಡ ಅಂದ ಪೋಷಕರ ಮಗೂನ ಡ್ಯಾನ್ಸಿಂದ ಕೈಬಿಡ್ಬಾರ್ದು, ಫೋಟೋ ಮಾತ್ರ ಬಿಟ್ರೆ ಆಯ್ತು. ಇದನ್ನ ನಾನು ಮೀಟಿಂಗಲ್ಲಿ ಎದ್ದು ನಿಂತು ಕೇಳಿದೀನಿ, ಮತ್ತೂ ಕೇಳ್ತೀನಿ.

ಸ್ಟೇಟಸ್ ವಿಷಯ ಸಣ್ಣದು, ಆದ್ರೆ ನಮ್ ಕಡೆಗೆ ಬಹಳ ಮುಖ್ಯ. ಒಂಟಿ ಮನೆ, ಅಟ್ಟದ ಮೇಲೆ ಒಣ ಹಾಕಿರೋ ಅಡಿಕೆ, ಮನೆಮಂದಿಯೆಲ್ಲ ಶಾಲೆ ಅಂಗಳದಲ್ಲಿ ಸೆಲ್ಫಿ. ಆ ಸೆಲ್ಫಿ ಮಾರನೇ ದಿನ ಬೆಳಿಗ್ಗೆ ಹಾಕಿ.

ಈಗ ಮಾವನಿಗೆ ಬಂದ ತರದ ಫೋನಿಗೆ ಏನು ಮಾಡ್ಬೇಕು ಅಂತ. ಮನೇಲಿ ಉಳಿಯೋರ ಹತ್ರ ಎರಡು ನಂಬರ್ ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ, ಒಂದು ಟೀಚರ್ದು, ಇನ್ನೊಂದು ವ್ಯಾನ್ ಡ್ರೈವರ್ದು, ಅದ್ರಲ್ಲಿ ಒಂದಾದ್ರೂ ಆ ಜಾಗದಲ್ಲಿ ಸಿಗ್ನಲ್ ಬರೋ ಕಂಪನಿ ಸಿಮ್ ಇರ್ಲಿ. ಮನೆಯೋರಿಗೆ ಮಾತ್ರ ಗೊತ್ತಿರೋ ಒಂದು ಗುಟ್ಟಿನ ಮಾತು ಇಟ್ಕೊಳ್ಳಿ. ನಮ್ದು ಕೊಟ್ಟಿಗೇಲಿ ಹಿಂದೆ ಇದ್ದ ಒಂದು ಹಸುವಿನ ಹೆಸರು, ಅದ್ರ ಫೋಟೋ ಯಾರೂ ಎಲ್ಲೂ ಹಾಕಿಲ್ಲ. ನಿಜವಾಗ್ಲೂ ನಮ್ಮವ್ರೇ ಫೋನ್ ಮಾಡ್ಸಿದ್ರೆ ಆ ಹೆಸರು ಹೇಳ್ತಾರೆ. ಹೇಳ್ಲಿಲ್ಲ ಅಂದ್ರೆ ಫೋನ್ ಇಟ್ಟು ಗೋಡೆ ಮೇಲಿನ ನಂಬರಿಗೆ ನಾವೇ ಮಾಡೋದು.

ಕಾರ್ಯಕ್ರಮ ಮುಗಿದ್ಮೇಲೂ ಎರಡು ವಾರ ಹುಷಾರು. ಸ್ಕೂಲ್ ಡೇ ಫೋಟೋ ನೋಡಿ ಅಂತ ಬರೋ ಫೈಲಿನ ಹೆಸರ ಕೊನೇಲಿ ಎಪಿಕೆ ಅಂತಿದ್ರೆ ಅದು ಫೋಟೋ ಅಲ್ಲ, ಆ್ಯಪು. ಮದುವೆ ಕರೆಯೋಲೆ ಅಂತ ಇದೇ ತರ ಕಳಿಸಿ ಬಹಳ ಜನಕ್ಕೆ ಮೋಸ ಮಾಡಿದಾರೆ, ಇನ್‌ಸ್ಟಾಲ್ ಆದ್ರೆ ನಿಮ್ ಮೆಸೇಜ್ ಓದಿ ಓಟಿಪಿ ಎತ್ಕೊಂಡು ಹೋಗತ್ತೆ. ಗುರ್ತಿನವ್ರ ನಂಬರಿಂದ ಬಂದ್ರೂ ನಂಬ್ಬೇಡಿ, ಅವ್ರ ಫೋನೇ ಕಳ್ಳರ ಕೈಲಿ ಇರಬಹುದು. ಒತ್ತಿಬಿಟ್ಟಿದ್ರೆ ಕೂಡ್ಲೇ ಏರೋಪ್ಲೇನ್ ಮೋಡ್ ಹಾಕಿ, ಬೇರೆ ಫೋನಿಂದ ಬ್ಯಾಂಕಿಗೆ ಮಾಡಿ.

ದುಡ್ಡು ಹೋಗಿದ್ರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಚ್ಕೊಂಡು ಕೂರ್ಬೇಡಿ, ಬೆಳಿಗ್ಗೆ ನೋಡೋಣ ಅನ್ನಬೇಡಿ. ಬೇಗ ಹೇಳಿದಷ್ಟೂ ದುಡ್ಡು ಮುಂದಿನ ಖಾತೆಗೆ ದಾಟೋ ಮೊದ್ಲು ತಡೆಯೋಕೆ ಆಗತ್ತೆ. ಯಾವ ಬ್ಯಾಂಕು, ಎಷ್ಟು ಹೊತ್ತಿಗೆ, ಎಷ್ಟು ರೂಪಾಯಿ, ಟ್ರಾನ್ಸಾಕ್ಷನ್ ನಂಬರ್ ಏನು ಅಂತ ಬರೆದಿಟ್ಕೊಂಡು ಮಾಡಿ. ಶಿವಮೊಗ್ಗದಲ್ಲಿ ಸೈಬರ್ ಅಪರಾಧ ನೋಡ್ಕೊಳ್ಳೋ ಸಿಇಎನ್ ಪೊಲೀಸ್ ಠಾಣೆ ಇದೆ, ಅಲ್ಲಿಗೂ ಹೋಗಬಹುದು. ಆರ್‌ಬಿಐ 2017ರ ನಿಯಮದಲ್ಲಿ, ನಿಮ್ದೂ ಬ್ಯಾಂಕಿಂದೂ ತಪ್ಪಿಲ್ಲದೆ ದುಡ್ಡು ಹೋಗಿದ್ರೆ, ಬ್ಯಾಂಕ್ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದ್ರೆ ನಷ್ಟ ನಿಮ್ ಮೇಲೆ ಬರಲ್ಲ ಅಂತ ಇದೆ, ಓಟಿಪಿ ನೀವೇ ಹೇಳಿಬಿಟ್ಟಿದ್ರೆ ನೀವು ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ನಿಮ್ದೇ ಆಗತ್ತೆ. ಫೋನೇ ಕಳುವಾದ್ರೆ ಮೊದ್ಲು ಸಿಮ್ ಬ್ಲಾಕ್, ಆಮೇಲೆ ಬ್ಯಾಂಕು, ಆಮೇಲೆ ಪೊಲೀಸ್ ದೂರು, ಆ ದೂರಿನ ಪ್ರತಿ ಇಟ್ಕೊಂಡು ಸಂಚಾರ್ ಸಾಥಿ ಅನ್ನೋ ಕೇಂದ್ರ ಸರ್ಕಾರದ ಸೈಟಲ್ಲಿ ಫೋನನ್ನೇ ಬ್ಲಾಕ್ ಮಾಡ್ಸಬಹುದು. ನಿಮ್ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತಾನೂ ಅದ್ರಲ್ಲೇ ನೋಡಬಹುದು, ಜೆರಾಕ್ಸ್ ಎಲ್ಲೆಲ್ಲೋ ಕೊಟ್ಟಿರೋರು ಒಂದ್ಸಲ ನೋಡ್ಲೇಬೇಕು.

ಈ ಸಲ ಕಾರ್ಯಕ್ರಮ ಮುಗಿದ ಮಾರನೇ ದಿನ ನಾವು ನಾಲ್ಕು ಜನ ಶಾಲೆಗೆ ಹೋದ್ವಿ. ಗ್ರೀನ್ ರೂಮಿನ ಬಾಗಿಲಿಗೆ ಅಂಟಿಸಿದ್ದ ಹೆಸರಿನ ಪಟ್ಟಿ, ಟೀಚರ್ ಹತ್ರ ಇದ್ದ ಫೋನ್ ನಂಬರಿನ ಹಾಳೆ, ಡ್ರೆಸ್ ಅಂಗಡಿಯಿಂದ ವಾಪಸ್ ತಂದ ಹನ್ನೊಂದು ಜೆರಾಕ್ಸು ಎಲ್ಲ ಒಟ್ಟು ಮಾಡಿ, ಟೀಚರನ್ನ ಕೇಳಿ ಮನೆಗೆ ತಂದು ಬಚ್ಚಲ ಒಲೆಗೆ ಹಾಕಿದ್ವಿ. ಮಾವನೇ ನಿಂತು ಕೋಲಲ್ಲಿ ಕೆದಕಿ ಪೂರ್ತಿ ಸುಟ್ಟಿದೆಯಾ ಅಂತ ನೋಡಿದ್ರು.