ಶಾಲೆಯಲ್ಲಿ ಮಕ್ಕಳ ಮನಸ್ಸಿನ ಆರೈಕೆ: ಎಲ್ಲಿಂದ ಶುರು ಮಾಡಬೇಕು?

ವರ್ಷಕ್ಕೊಮ್ಮೆ ತಜ್ಞರನ್ನು ಕರೆಸಿ ಭಾಷಣ ಮಾಡಿಸಿದರೆ ಸಾಲದು. ದಿನವೂ ಕೈಗೆ ಸಿಗುವ, ಕೂತು ಕೇಳಿಸಿಕೊಳ್ಳಲು ಬಿಡುವಿರುವ ದೊಡ್ಡವರೊಬ್ಬರು ಮಕ್ಕಳಿಗೆ ಬೇಕು.

ಹಾಗಾಗಿ ಮೊದಲು ಆ ವ್ಯಕ್ತಿಯನ್ನು ಗೊತ್ತುಮಾಡಿ. ಪಾಠದ ಹೊರೆ ಹೊತ್ತ ಶಿಕ್ಷಕರ ತಲೆಗೇ ಇದನ್ನೂ ಕಟ್ಟುವಲ್ಲಿ ಬಹಳಷ್ಟು ಶಾಲೆಗಳು ಎಡವುತ್ತವೆ. ಬಿಹಾರದ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. ತರಬೇತಿ ಪಡೆದ ಪ್ರತ್ಯೇಕ ಕಾರ್ಯಕರ್ತರಿದ್ದಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಮಕ್ಕಳ ನಡುವಿನ ಕಿರುಕುಳ, ಖಿನ್ನತೆಯ ಲಕ್ಷಣಗಳು ತಗ್ಗಿದವು. ಅದೇ ಕೆಲಸ ಶಿಕ್ಷಕರ ಪಾಲಿಗೆ ಬಂದಲ್ಲಿ ಅಂಥ ಫಲ ಕಾಣಲಿಲ್ಲ. ಶಿಕ್ಷಕರನ್ನೇ ನೇಮಿಸುವುದು ಅನಿವಾರ್ಯವಾದರೆ ಅವರ ಪೀರಿಯಡ್‌ಗಳನ್ನು ಕಡಿಮೆ ಮಾಡಿ. ಶಿಸ್ತಿನ ಉಸ್ತುವಾರಿಯಂತೂ ಅವರಿಗೆ ಬೇಡವೇ ಬೇಡ.

ನಂತರ, ಮಕ್ಕಳನ್ನು ಮಾತಾಡಿಸುವ ಮೊದಲೇ ಮುಂದಿನ ದಾರಿ ಸಿದ್ಧವಿರಲಿ: ಯಾವ ವೈದ್ಯರು, ಪೋಷಕರಿಗೆ ಫೋನ್ ಮಾಡುವವರು ಯಾರು, ಜೊತೆಗೆ ಹೋಗುವವರು ಯಾರು. ಇವನ್ನು ಬರೆದಿಡಿ.

ಬಾಯಿಬಿಟ್ಟು ಹೇಳಲಾಗದವರಿಗಾಗಿ ಒಂದು ಪತ್ರಪೆಟ್ಟಿಗೆ ಇಡಿ. ಅದು ಸ್ಟಾಫ್ ರೂಮಿನ ಎದುರಾಗಲಿ ಕ್ಯಾಮೆರಾದ ಕೆಳಗಾಗಲಿ ಇರಬಾರದು. ದಿನವೂ ತೆರೆಯಬೇಕು, ಏಕೆಂದರೆ ಕೆಲವು ಚೀಟಿಗಳು ವಾರದವರೆಗೆ ಕಾಯುವಂಥವಲ್ಲ. ಎಲ್ಲರಿಗೂ ಸಂಬಂಧಿಸಿದ ದೂರುಗಳಿಗೆ ಹೆಸರು ಹೇಳದೆ ಪ್ರಾರ್ಥನೆಯ ವೇಳೆ ಉತ್ತರ ಕೊಡಿ. ಉತ್ತರವೇ ಬರದಿದ್ದರೆ ಪೆಟ್ಟಿಗೆ ಬೇಗನೆ ಖಾಲಿಯಾಗುತ್ತದೆ.

ಗೆಳೆಯರಿಂದ ದೂರ ಸರಿಯುವುದು, ಪದೇಪದೇ ಗೈರು, ಸಿಡುಕು, ತರಗತಿಯಲ್ಲಿ ತೂಕಡಿಕೆ. ಇವು ಎರಡು ವಾರ ಮುಂದುವರಿದರೆ ಮಗುವನ್ನು ಮಾತಾಡಿಸಿ, ಆದರೆ ತರಗತಿಯ ಮುಂದೆ ಹೆಸರು ಕೂಗಿ ಕರೆಯಬೇಡಿ. ‘ನಿನಗೇನಾಗಿದೆ?’ ಎಂದರೆ ‘ಏನಿಲ್ಲ ಸಾರ್’ ಎಂಬ ಉತ್ತರ ಬರುತ್ತದೆ. ‘ಈಚೆಗೆ ಊಟಕ್ಕೆ ಒಬ್ಬನೇ ಕೂರ್ತಿದ್ದೀಯಲ್ಲ’ ಎಂದು ಕಂಡದ್ದನ್ನು ಹೇಳಿ ಸುಮ್ಮನಿರಿ. ‘ಯಾರಿಗೂ ಹೇಳಲ್ಲ’ ಎಂದು ಮಾತ್ರ ಮಾತು ಕೊಡಬೇಡಿ. ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕಾಗುತ್ತದೆ, ಅದನ್ನು ಮೊದಲೇ ತಿಳಿಸಿ.

ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಲು ಹೆದರಬೇಡಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡದೆ ಅಂದೇ ಪೋಷಕರನ್ನು, ವೈದ್ಯರನ್ನು ಸಂಪರ್ಕಿಸಿ.

ತರಗತಿಯ ಚಟುವಟಿಕೆಗೆ ಪಾತ್ರಾಭಿನಯ ಒಳ್ಳೆಯದು. ಯುರೋಪಿನ 10 ದೇಶಗಳ ಅಧ್ಯಯನವೊಂದರಲ್ಲಿ (2015) ಮಕ್ಕಳೇ ಅಭಿನಯಿಸಿ ಚರ್ಚಿಸಿದ ಕಾರ್ಯಕ್ರಮದಿಂದ ವರ್ಷದ ನಂತರ ಆತ್ಮಹತ್ಯೆ ಯತ್ನಗಳು ಕಡಿಮೆಯಾಗಿದ್ದವು.

ಚಿಕಿತ್ಸೆ ಪಡೆದು ಮಗು ಮರಳುವ ದಿನಕ್ಕೂ ತಯಾರಿ ಬೇಕು. ಗೇಟಿನಲ್ಲಿ ಯಾರು ಎದುರುಗೊಳ್ಳುತ್ತಾರೆ, ಬಾಕಿ ಉಳಿದ ನೋಟ್ಸ್‌ನಲ್ಲಿ ಎಷ್ಟನ್ನು ಬಿಟ್ಟುಬಿಡಬಹುದು, ಸಹಪಾಠಿಗಳಿಗೆ ಏನು ಹೇಳಬೇಕು ಎಂಬುದನ್ನು ಹಿಂದಿನ ದಿನವೇ ಆ ಮಗುವನ್ನೇ ಕೇಳಿ ತೀರ್ಮಾನಿಸಿ.